ಪ್ರಜ್ಞಾ ಅಸ್ವಸ್ಥತೆಗಳು

ಪ್ರಜ್ಞಾ ಅಸ್ವಸ್ಥತೆಗಳು ಎಂಬುದು ಮಿದುಳಿಗೆ ತೀವ್ರ ಹಾನಿಯಾದ ಬಳಿಕ ವ್ಯಕ್ತಿಯ ಎಚ್ಚರ, ಅರಿವು ಅಥವಾ ಇವೆರಡೂ ದೀರ್ಘಕಾಲ ಕುಂದಿಹೋಗುವ ಸ್ಥಿತಿಗಳಿಗೆ ನರವಿಜ್ಞಾನದಲ್ಲಿ ಬಳಸುವ ಸಾಮೂಹಿಕ ಹೆಸರು. ಕೋಮಾ, ಸಸ್ಯಸದೃಶ ಸ್ಥಿತಿ ಮತ್ತು ಕನಿಷ್ಠ ಪ್ರಜ್ಞಾ ಸ್ಥಿತಿ ಇದರ ಮೂರು ಮುಖ್ಯ ವಿಭಾಗಗಳು. ಆಡುಮಾತಿನಲ್ಲಿ ಈ ಮೂರನ್ನೂ ‘ಕೋಮಾ’ ಎಂದೇ ಕರೆಯುವುದು ರೂಢಿ. ಆದರೆ ಚೇತರಿಕೆಯ ಸಾಧ್ಯತೆ, ಆರೈಕೆಯ ಕ್ರಮ ಮತ್ತು ಕಾನೂನಿನ ದೃಷ್ಟಿ ಒಂದೊಂದು ವಿಭಾಗಕ್ಕೂ ಬೇರೆಯಾಗಿರುವುದರಿಂದ ಇವುಗಳನ್ನು ನಿಖರವಾಗಿ ಗುರುತಿಸುವುದು ಅಗತ್ಯ.

ಭಾರತದಲ್ಲಿ ಈ ವಿಷಯ ಸಾರ್ವಜನಿಕ ಚರ್ಚೆಗೆ ಬಂದದ್ದು ಮುಖ್ಯವಾಗಿ ಅರುಣಾ ಶಾನಭಾಗ ಅವರ ಪ್ರಕರಣದಿಂದ. ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನ ಹಳದೀಪುರ ಮೂಲದ ಈ ದಾದಿ 1973ರಿಂದ 2015ರವರೆಗೆ, ಸುಮಾರು 42 ವರ್ಷಗಳ ಕಾಲ, ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಇಂತಹ ಸ್ಥಿತಿಯಲ್ಲಿದ್ದರು.

ಎಚ್ಚರ ಮತ್ತು ಅರಿವು

‘ಎಚ್ಚರ ತಪ್ಪಿತು’, ‘ಪ್ರಜ್ಞೆ ತಪ್ಪಿತು’ ಎಂಬ ಮಾತುಗಳನ್ನು ಕನ್ನಡದಲ್ಲಿ ಒಂದೇ ಅರ್ಥದಲ್ಲಿ ಬಳಸಲಾಗುತ್ತದೆ. ವೈದ್ಯಶಾಸ್ತ್ರವು ಪ್ರಜ್ಞೆಯಲ್ಲಿ ಎರಡು ಅಂಶಗಳನ್ನು ಪ್ರತ್ಯೇಕಿಸುತ್ತದೆ. ಮೊದಲನೆಯದು ಎಚ್ಚರ, ಅಂದರೆ ಕಣ್ಣು ತೆರೆದಿರುವ, ನಿದ್ರಿಸದಿರುವ ಸ್ಥಿತಿ. ಎರಡನೆಯದು ಅರಿವು, ಅಂದರೆ ತನ್ನನ್ನೂ ತನ್ನ ಸುತ್ತಲಿನ ಜಗತ್ತನ್ನೂ ಗ್ರಹಿಸುವ ಶಕ್ತಿ. ಆರೋಗ್ಯವಂತರಲ್ಲಿ ಇವೆರಡೂ ಜೊತೆಯಾಗಿಯೇ ಏರುತ್ತವೆ ಮತ್ತು ಇಳಿಯುತ್ತವೆ. ಮಿದುಳಿಗೆ ಹಾನಿಯಾದಾಗ ಅವು ಒಂದನ್ನೊಂದು ಅಗಲಬಹುದು. ಎಚ್ಚರವಿದ್ದೂ ಅರಿವಿನ ಕುರುಹಿಲ್ಲದ ಸ್ಥಿತಿ ಉಂಟಾಗುವುದು ಹೀಗೆ.

ಎಚ್ಚರವನ್ನು ಕಾಯ್ದುಕೊಳ್ಳುವುದು ಮಿದುಳುಕಾಂಡದ ಮೇಲ್ಭಾಗದಲ್ಲಿರುವ ನರಕೋಶಗಳ ಜಾಲ. ಬೆಕ್ಕುಗಳ ಮೇಲೆ ಪ್ರಯೋಗ ನಡೆಸಿ ಇದರ ಪಾತ್ರವನ್ನು 1949ರಲ್ಲಿ ತೋರಿಸಿಕೊಟ್ಟವರು ಜುಸೆಪ್ಪೆ ಮೊರುಝಿ ಮತ್ತು ಹೊರೇಸ್ ಮಗೂನ್. ಈ ಜಾಲದ ಸಂಕೇತಗಳು ಮಿದುಳಿನ ನಡುಭಾಗದಲ್ಲಿರುವ ಥಲಾಮಸ್‌ನ ಮೂಲಕ ಮಿದುಳಿನ ಹೊರಪದರವನ್ನು ತಲುಪುತ್ತವೆ. ಅರಿವು ಮೂಡುವುದು ಹೊರಪದರದ ವಿಶಾಲ ಪ್ರದೇಶಗಳು ಥಲಾಮಸ್‌ನೊಂದಿಗೆ ಮತ್ತು ಪರಸ್ಪರ ನಡೆಸುವ ಸಂಪರ್ಕದಿಂದ. ಉಸಿರಾಟ ಮತ್ತು ಹೃದಯಬಡಿತದ ನಿಯಂತ್ರಣವಿರುವುದು ಮಿದುಳುಕಾಂಡದ ಕೆಳಭಾಗದಲ್ಲಿ. ಹೀಗಾಗಿ ಹೊರಪದರ ಹಾಳಾಗಿ ಮಿದುಳುಕಾಂಡ ಉಳಿದಿರುವ ವ್ಯಕ್ತಿ ಯಂತ್ರದ ನೆರವಿಲ್ಲದೆ ಉಸಿರಾಡುತ್ತ ವರ್ಷಗಟ್ಟಲೆ ಬದುಕಿರಬಲ್ಲರು.

ಕಾರಣಗಳು

ಕಾರಣಗಳನ್ನು ಆಘಾತಜನ್ಯ ಮತ್ತು ಆಘಾತೇತರ ಎಂದು ಎರಡಾಗಿ ವಿಂಗಡಿಸಲಾಗುತ್ತದೆ.

ಆಘಾತಜನ್ಯ ಕಾರಣಗಳಲ್ಲಿ ರಸ್ತೆ ಅಪಘಾತ, ಎತ್ತರದಿಂದ ಬೀಳುವುದು ಮತ್ತು ಹಲ್ಲೆ ಮುಖ್ಯವಾದವು. ಕರಾವಳಿಯ ಊರುಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ನಡೆಯುವ ದ್ವಿಚಕ್ರ ವಾಹನ ಅಪಘಾತಗಳಾಗಲಿ, ತೆಂಗು–ಅಡಿಕೆ ಮರಗಳಿಂದ ಬೀಳುವ ಅವಘಡಗಳಾಗಲಿ ಈ ಬಗೆಗೆ ಸೇರುತ್ತವೆ.

ಆಘಾತೇತರ ಕಾರಣಗಳಲ್ಲಿ ಹೃದಯಸ್ತಂಭನ, ನೀರಿನಲ್ಲಿ ಮುಳುಗುವುದು ಅಥವಾ ಕತ್ತು ಹಿಸುಕಲ್ಪಡುವುದರಿಂದ ಉಂಟಾಗುವ ಆಮ್ಲಜನಕದ ಕೊರತೆ, ಮಿದುಳಿನ ರಕ್ತಸ್ರಾವ, ಪಾರ್ಶ್ವವಾಯು, ಮಿದುಳಿನ ಉರಿಯೂತ ಮತ್ತು ರಕ್ತದಲ್ಲಿ ಸಕ್ಕರೆಯ ಅಂಶ ಅತಿಯಾಗಿ ಕುಸಿಯುವುದು ಸೇರಿವೆ. ರಕ್ತಸಂಚಾರ ನಿಂತ ಕೆಲವೇ ನಿಮಿಷಗಳಲ್ಲಿ ಹೊರಪದರದ ನರಕೋಶಗಳು ಸಾಯತೊಡಗುತ್ತವೆ. ಮಿದುಳುಕಾಂಡದ ಕೋಶಗಳು ಈ ಕೊರತೆಯನ್ನು ತುಸು ಹೆಚ್ಚು ಹೊತ್ತು ತಾಳಿಕೊಳ್ಳುತ್ತವೆ. ಎಚ್ಚರ ಮರಳಿಯೂ ಅರಿವು ಮರಳದಿರಲು ಇದೊಂದು ಮುಖ್ಯ ಕಾರಣ.

ವರ್ಗೀಕರಣ

ಕೋಮಾ

ಕೋಮಾದಲ್ಲಿ ಎಚ್ಚರವೂ ಇರುವುದಿಲ್ಲ, ಅರಿವೂ ಇರುವುದಿಲ್ಲ. ಕಣ್ಣುಗಳು ಮುಚ್ಚಿರುತ್ತವೆ. ಕರೆದರೂ ನೋವಾಗುವಂತೆ ಒತ್ತಿದರೂ ತೆರೆಯುವುದಿಲ್ಲ. ನಿದ್ರೆ ಮತ್ತು ಎಚ್ಚರಗಳ ಸರದಿ ಕಾಣುವುದಿಲ್ಲ. ಮಿದುಳಿನ ಎರಡೂ ಗೋಳಾರ್ಧಗಳಿಗೆ ವ್ಯಾಪಕ ಹಾನಿಯಾದಾಗ ಅಥವಾ ಮಿದುಳುಕಾಂಡದ ಮೇಲ್ಭಾಗಕ್ಕೆ ಪೆಟ್ಟಾದಾಗ ಕೋಮಾ ಉಂಟಾಗುತ್ತದೆ. ಇದು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಿಗಿಂತ ಹೆಚ್ಚು ಕಾಲ ಉಳಿಯುವುದಿಲ್ಲ. ಅಷ್ಟರಲ್ಲಿ ರೋಗಿ ಚೇತರಿಸಿಕೊಳ್ಳುತ್ತಾರೆ, ಸಾಯುತ್ತಾರೆ ಅಥವಾ ಮುಂದೆ ವಿವರಿಸಿರುವ ಸ್ಥಿತಿಗಳಲ್ಲಿ ಒಂದಕ್ಕೆ ದಾಟುತ್ತಾರೆ. ಆದ್ದರಿಂದ ‘ಹತ್ತು ವರ್ಷಗಳಿಂದ ಕೋಮಾದಲ್ಲಿದ್ದಾರೆ’ ಎಂಬಂತಹ ವರದಿಗಳಲ್ಲಿ ಹೇಳಿರುವುದು ಹೆಚ್ಚಾಗಿ ಕೋಮಾ ಆಗಿರುವುದಿಲ್ಲ.

ಸಸ್ಯಸದೃಶ ಸ್ಥಿತಿ

ಇಲ್ಲಿ ಎಚ್ಚರವಿದೆ, ಅರಿವಿನ ಕುರುಹು ಇಲ್ಲ. ರೋಗಿ ಕಣ್ಣು ತೆರೆಯುತ್ತಾರೆ, ನಿದ್ರಿಸುತ್ತಾರೆ, ಮತ್ತೆ ಎಚ್ಚರಗೊಳ್ಳುತ್ತಾರೆ. ಸ್ವತಃ ಉಸಿರಾಡುತ್ತಾರೆ. ಆಕಳಿಸುವುದು, ಹಲ್ಲು ಕಡಿಯುವುದು, ನರಳುವುದು, ಕೆಲವೊಮ್ಮೆ ಅಳುವುದು ಅಥವಾ ನಗುವುದು ಸಹ ಕಾಣಬಹುದು. ಆದರೆ ಇವು ಯಾವುದೇ ನಿರ್ದಿಷ್ಟ ಪ್ರಚೋದನೆಗೆ ಉದ್ದೇಶಪೂರ್ವಕವಾಗಿ ನೀಡಿದ ಉತ್ತರವಾಗಿರದೆ ಮಿದುಳುಕಾಂಡದ ಮಟ್ಟದ ಪ್ರತಿವರ್ತನೆಗಳಾಗಿರುತ್ತವೆ. ಕುಟುಂಬದವರಿಗೆ ಅತ್ಯಂತ ಗೊಂದಲವನ್ನೂ ಯಾತನೆಯನ್ನೂ ತರುವ ಸ್ಥಿತಿ ಇದು.

ಸ್ಕಾಟ್ಲೆಂಡಿನ ನರಶಸ್ತ್ರಚಿಕಿತ್ಸಕ ಬ್ರಯನ್ ಜೆನೆಟ್ ಮತ್ತು ಅಮೆರಿಕದ ನರವೈದ್ಯ ಫ್ರೆಡ್ ಪ್ಲಮ್ 1972ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಹೆಸರನ್ನು ಸೂಚಿಸಿದರು. ಉಸಿರಾಟ, ಜೀರ್ಣಕ್ರಿಯೆ ಮುಂತಾದ ಜೀವಧಾರಕ ಕ್ರಿಯೆಗಳು ಮಾತ್ರ ಉಳಿದಿವೆ ಎಂಬುದು ಅದರ ಇಂಗಿತ. ಮನುಷ್ಯರನ್ನು ಗಿಡಕ್ಕೆ ಹೋಲಿಸಿದಂತಾಗುತ್ತದೆ ಎಂಬ ಆಕ್ಷೇಪದಿಂದ 2010ರಲ್ಲಿ ಯುರೋಪಿನ ತಜ್ಞರ ತಂಡವೊಂದು ‘ಪ್ರತಿಕ್ರಿಯಾರಹಿತ ಎಚ್ಚರ ಸ್ಥಿತಿ’ ಎಂಬ ಅರ್ಥದ ಹೊಸ ಹೆಸರನ್ನು ಮುಂದಿಟ್ಟಿತು. ಈ ಹೆಸರು ಕಂಡದ್ದನ್ನಷ್ಟೇ ಹೇಳುತ್ತದೆ. ಒಳಗೆ ಅರಿವು ಇದೆಯೋ ಇಲ್ಲವೋ ಎಂಬ ತೀರ್ಪನ್ನು ಅದು ಕೊಡುವುದಿಲ್ಲ. ಕನ್ನಡ ಪತ್ರಿಕೆಗಳಲ್ಲಿ ಬಳಕೆಯಲ್ಲಿರುವ ‘ಜೀವಚ್ಛವ’ ಎಂಬ ಪದ ವೈದ್ಯಕೀಯ ಪರಿಭಾಷೆಯಲ್ಲ. ಬದುಕಿರುವ ವ್ಯಕ್ತಿಯನ್ನು ಶವವೆಂದು ಸೂಚಿಸುವುದರಿಂದ ಅದು ವೈದ್ಯಕೀಯವಾಗಿ ತಪ್ಪು ಅಭಿಪ್ರಾಯಕ್ಕೂ ಎಡೆಮಾಡುತ್ತದೆ.

ಕನಿಷ್ಠ ಪ್ರಜ್ಞಾ ಸ್ಥಿತಿ

ಇಲ್ಲಿ ಅರಿವು ಅಲ್ಪವಾದರೂ ಖಚಿತವಾಗಿ ಕಾಣುತ್ತದೆ, ಆದರೆ ಅಸ್ಥಿರವಾಗಿರುತ್ತದೆ. ರೋಗಿ ಬೆಳಿಗ್ಗೆ ಕೈಯೆತ್ತಿ ಎಂದಾಗ ಎತ್ತಿ, ಸಂಜೆ ಅದೇ ಮಾತಿಗೆ ಸುಮ್ಮನಿರಬಹುದು. ಅಮೆರಿಕದ ಜೋಸೆಫ್ ಜಿಯಾಚಿನೊ ಮತ್ತು ಸಹೋದ್ಯೋಗಿಗಳು 2002ರಲ್ಲಿ ಇದರ ಮಾನದಂಡಗಳನ್ನು ಪ್ರಕಟಿಸಿದರು. ಸರಳ ಆಜ್ಞೆಯ ಪಾಲನೆ, ಅರ್ಥವಾಗುವ ಮಾತು, ಸರಿಯಿರಲಿ ತಪ್ಪಿರಲಿ ಹೌದು–ಅಲ್ಲಗಳ ಸೂಚನೆ ಅಥವಾ ಉದ್ದೇಶಪೂರ್ವಕ ವರ್ತನೆ, ಇವುಗಳಲ್ಲಿ ಒಂದಾದರೂ ಮತ್ತೆ ಮತ್ತೆ ಕಂಡುಬರಬೇಕು. ಚಲಿಸುವ ವಸ್ತುವನ್ನು ಕಣ್ಣಿನಿಂದ ಹಿಂಬಾಲಿಸುವುದೂ ಬೇಕಾದ ವಸ್ತುವಿಗೆ ಕೈಚಾಚುವುದೂ ಉದ್ದೇಶಪೂರ್ವಕ ವರ್ತನೆಗಳೇ.

2011ರಿಂದ ಇದನ್ನು ಎರಡು ಉಪವಿಭಾಗಗಳಾಗಿ ನೋಡಲಾಗುತ್ತಿದೆ. ಭಾಷೆಯನ್ನು ಗ್ರಹಿಸುವ ಅಥವಾ ಬಳಸುವ ಕುರುಹು ಇದ್ದರೆ ‘ಧನ’, ಕಣ್ಣಿನಿಂದ ಹಿಂಬಾಲಿಸುವಂತಹ ಭಾಷೆಗೆ ಹೊರತಾದ ಕುರುಹುಗಳು ಮಾತ್ರ ಇದ್ದರೆ ‘ಋಣ’ ಎಂದು ಗುರುತಿಸುತ್ತಾರೆ.

ಕನಿಷ್ಠ ಪ್ರಜ್ಞೆಯಿಂದ ಹೊರಬರುವಿಕೆ

ರೋಗಿ ಹೌದು–ಅಲ್ಲಗಳ ಮೂಲಕ ಸರಳ ಪ್ರಶ್ನೆಗಳಿಗೆ ನಂಬಲರ್ಹವಾಗಿ ಉತ್ತರಿಸತೊಡಗಿದಾಗ ಅಥವಾ ಬಾಚಣಿಗೆಯನ್ನು ತಲೆಗೆ, ಲೋಟವನ್ನು ಬಾಯಿಗೆ ಒಯ್ಯುವಂತೆ ವಸ್ತುಗಳನ್ನು ಅವುಗಳ ಬಳಕೆಗೆ ತಕ್ಕಂತೆ ಉಪಯೋಗಿಸತೊಡಗಿದಾಗ ಅವರು ಈ ಸ್ಥಿತಿಯಿಂದ ಹೊರಬಂದರೆಂದು ಪರಿಗಣಿಸಲಾಗುತ್ತದೆ. ಬಳಿಕವೂ ದಿಕ್ಕು, ದಿನ, ನೆನಪುಗಳ ಗೊಂದಲ ಕೆಲಕಾಲ ಇರಬಹುದು.

ಈ ಗುಂಪಿಗೆ ಸೇರದ ಸ್ಥಿತಿಗಳು

ಮಿದುಳುಕಾಂಡದ ಮರಣ: ಇದು ಪ್ರಜ್ಞಾ ಅಸ್ವಸ್ಥತೆಯಲ್ಲ, ಮರಣ. ಮಿದುಳುಕಾಂಡದ ಎಲ್ಲ ಕ್ರಿಯೆಗಳೂ ಮರಳಿ ಬಾರದಂತೆ ನಿಂತಿರುತ್ತವೆ. ಎದೆ ಏರಿಳಿಯುವುದು ಉಸಿರಾಟದ ಯಂತ್ರದಿಂದ ಮಾತ್ರ. ಭಾರತದಲ್ಲಿ 1994ರ ಮಾನವ ಅಂಗಾಂಗ ಕಸಿ ಕಾಯಿದೆಯು ಇದಕ್ಕೆ ಕಾನೂನಿನ ಮನ್ನಣೆ ನೀಡಿದೆ. ನಾಲ್ವರು ವೈದ್ಯರ ಮಂಡಳಿಯು ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಇದನ್ನು ದೃಢೀಕರಿಸಬೇಕು. ಸಸ್ಯಸದೃಶ ಸ್ಥಿತಿಯಲ್ಲಿರುವವರು ಸ್ವತಃ ಉಸಿರಾಡುತ್ತಾರೆ, ಅವರು ಕಾನೂನಿನ ಪ್ರಕಾರವೂ ಜೀವಂತ ವ್ಯಕ್ತಿಗಳು.

ಲಾಕ್ಡ್-ಇನ್ ಸ್ಥಿತಿ: ಮಿದುಳುಕಾಂಡದ ನಡುಭಾಗವಾದ ಪಾನ್ಸ್‌ನ ಮುಂಭಾಗಕ್ಕೆ ಹಾನಿಯಾದಾಗ ಕೈಕಾಲು, ಮುಖ, ನಾಲಿಗೆ ಎಲ್ಲವೂ ನಿಶ್ಚಲವಾಗುತ್ತವೆ. ಎಚ್ಚರವೂ ಅರಿವೂ ಪೂರ್ಣವಾಗಿರುತ್ತವೆ. ಕಣ್ಣನ್ನು ಮೇಲೆ ಕೆಳಗೆ ಹೊರಳಿಸುವುದು ಮತ್ತು ರೆಪ್ಪೆ ಬಡಿಯುವುದಷ್ಟೇ ಉಳಿದಿರುವುದರಿಂದ, ಗಮನವಿಟ್ಟು ನೋಡದಿದ್ದರೆ ಇವರನ್ನು ಪ್ರಜ್ಞೆಯಿಲ್ಲದವರೆಂದು ಭಾವಿಸುವ ಅಪಾಯವಿದೆ.

ಹಾವಿನ ವಿಷದ ಪರಿಣಾಮ: ಕಟ್ಟುಹಾವು ಮತ್ತು ನಾಗರಹಾವುಗಳ ವಿಷ ನರ ಮತ್ತು ಸ್ನಾಯುಗಳ ನಡುವಿನ ಸಂಪರ್ಕವನ್ನು ತಡೆಯುತ್ತದೆ. ತೀವ್ರ ಸಂದರ್ಭದಲ್ಲಿ ರೆಪ್ಪೆ ತೆರೆಯದೆ, ಉಸಿರಾಟ ನಿಂತು, ಕಣ್ಣಿನ ಪಾಪೆಯೂ ಬೆಳಕಿಗೆ ಸ್ಪಂದಿಸದೆ ರೋಗಿ ಮಿದುಳು ಸತ್ತವರಂತೆ ಕಾಣಬಹುದು. ಯಂತ್ರದ ಉಸಿರಾಟ ಮತ್ತು ಪ್ರತಿವಿಷದ ಚಿಕಿತ್ಸೆ ದೊರೆತರೆ ಇಂಥವರು ಪೂರ್ಣವಾಗಿ ಚೇತರಿಸಿಕೊಳ್ಳಬಲ್ಲರು. ನಿದ್ರಾಜನಕ ಔಷಧಗಳು, ದೇಹದ ಉಷ್ಣತೆಯ ಕುಸಿತ ಮತ್ತು ರಕ್ತದ ಸಕ್ಕರೆಯ ಏರುಪೇರು ಸಹ ಹೀಗೆಯೇ ದಾರಿತಪ್ಪಿಸಬಹುದು. ಯಾವುದೇ ವಿಭಾಗದ ಹೆಸರನ್ನು ಕೊಡುವ ಮೊದಲು ಇವೆಲ್ಲವೂ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಪರೀಕ್ಷೆಯ ವಿಧಾನಗಳು

ಗ್ಲಾಸ್ಗೋ ಕೋಮಾ ಮಾಪಕ

ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ 1974ರಲ್ಲಿ ರೂಪಿಸಿದ ಈ ಮಾಪಕ ತುರ್ತು ಚಿಕಿತ್ಸೆಯಲ್ಲಿ ಅತಿ ಹೆಚ್ಚು ಬಳಕೆಯಲ್ಲಿದೆ. ಕಣ್ಣು ತೆರೆಯುವುದಕ್ಕೆ ಗರಿಷ್ಠ 4, ಮಾತಿಗೆ 5, ಚಲನೆಗೆ 6 ಅಂಕಗಳು. ಒಟ್ಟು ಅಂಕ 3ರಿಂದ 15ರವರೆಗೆ ಇರುತ್ತದೆ. 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ ಗಾಯ, 9ರಿಂದ 12 ಮಧ್ಯಮ, 13ರಿಂದ 15 ಸೌಮ್ಯ ಎಂದು ಪರಿಗಣಿಸಲಾಗುತ್ತದೆ.

ಗಾಯಗೊಂಡ ಮೊದಲ ದಿನಗಳಲ್ಲಿ ಈ ಮಾಪಕ ಬಹಳ ಉಪಯುಕ್ತ. ದೀರ್ಘಕಾಲದ ಸ್ಥಿತಿಗಳನ್ನು ಬೇರ್ಪಡಿಸಲು ಇದು ಸಾಲದು. ಉದಾಹರಣೆಗೆ, ಸಸ್ಯಸದೃಶ ಸ್ಥಿತಿಯಲ್ಲಿರುವವರು ತಾವಾಗಿ ಕಣ್ಣು ತೆರೆಯುವುದಕ್ಕೆ 4, ಅರ್ಥವಿಲ್ಲದ ಸದ್ದಿಗೆ 2, ನೋವಿಗೆ ಕೈ ಹಿಂದೆಳೆದುಕೊಳ್ಳುವುದಕ್ಕೆ 4, ಹೀಗೆ ಒಟ್ಟು 10 ಅಂಕ ಪಡೆಯಬಹುದು. ಎಲ್ಲವನ್ನೂ ಕೇಳಿ ಗ್ರಹಿಸುತ್ತಿರುವ ಲಾಕ್ಡ್-ಇನ್ ರೋಗಿಗೆ ಕಣ್ಣಿಗೆ 4, ಮಾತಿಗೆ 1, ಚಲನೆಗೆ 1, ಒಟ್ಟು 6 ಅಂಕ ಮಾತ್ರ ಬರಬಹುದು. ಅಂಕ ಹೆಚ್ಚಿದ್ದ ಮಾತ್ರಕ್ಕೆ ಅರಿವು ಹೆಚ್ಚಿದೆ ಎಂದು ಹೇಳಲಾಗದು.

ಪರಿಷ್ಕೃತ ಕೋಮಾ ಚೇತರಿಕೆ ಮಾಪಕ

2004ರಲ್ಲಿ ಪ್ರಕಟವಾದ ಈ ಮಾಪಕ ಶ್ರವಣ, ದೃಷ್ಟಿ, ಚಲನೆ, ಬಾಯಿ ಮತ್ತು ಮಾತು, ಸಂವಹನ, ಎಚ್ಚರ ಎಂಬ ಆರು ವಿಭಾಗಗಳಲ್ಲಿ 0ರಿಂದ 23ರವರೆಗೆ ಅಂಕ ನೀಡುತ್ತದೆ. ಇಲ್ಲಿ ಒಟ್ಟು ಅಂಕಕ್ಕಿಂತ ಯಾವ ವರ್ತನೆ ಕಂಡಿತು ಎಂಬುದು ಮುಖ್ಯ. ಕಣ್ಣಿನಿಂದ ಹಿಂಬಾಲಿಸುವುದನ್ನು ಪರೀಕ್ಷಿಸಲು ಕನ್ನಡಿಯನ್ನು ಬಳಸುತ್ತಾರೆ. ಬೇರೆ ವಸ್ತುಗಳನ್ನು ಹಿಂಬಾಲಿಸದವರೂ ಕೆಲವೊಮ್ಮೆ ತಮ್ಮ ಮುಖದ ಪ್ರತಿಬಿಂಬವನ್ನು ಹಿಂಬಾಲಿಸುತ್ತಾರೆ.

ಅರಿವು ಏರಿಳಿಯುವುದರಿಂದ ಒಂದೇ ಪರೀಕ್ಷೆ ಸಾಲದು. ಎರಡು ವಾರಗಳೊಳಗೆ ಕನಿಷ್ಠ ಐದು ಬಾರಿ ಪರೀಕ್ಷಿಸಬೇಕೆಂದು 2017ರ ಅಧ್ಯಯನವೊಂದು ಸೂಚಿಸಿದೆ. ಬೆಲ್ಜಿಯಂನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ವೈದ್ಯರ ತಂಡಗಳು ಸಸ್ಯಸದೃಶ ಸ್ಥಿತಿಯಲ್ಲಿದ್ದಾರೆಂದು ಒಮ್ಮತದಿಂದ ಹೇಳಿದ್ದ 44 ಮಂದಿಯಲ್ಲಿ 18 ಮಂದಿ, ಅಂದರೆ ಶೇ. 41ರಷ್ಟು ಜನ, ಈ ಮಾಪಕದಿಂದ ಪರೀಕ್ಷಿಸಿದಾಗ ಕನಿಷ್ಠ ಪ್ರಜ್ಞಾ ಸ್ಥಿತಿಯಲ್ಲಿರುವುದು ಕಂಡುಬಂದಿತು. ಕುರುಡು, ಕಿವುಡು, ಪಾರ್ಶ್ವವಾಯು, ಔಷಧದ ಮಂಪರು, ಪರೀಕ್ಷಕರಿಗೆ ರೋಗಿಯ ಮನೆಮಾತು ತಿಳಿಯದಿರುವುದು, ಇವು ಅರಿವಿನ ಕುರುಹನ್ನು ಮರೆಮಾಡಬಲ್ಲವು. ದಿನವಿಡೀ ಜೊತೆಗಿರುವ ಕುಟುಂಬದವರೂ ದಾದಿಯರೂ ಕಂಡದ್ದನ್ನು ದಿನಾಂಕ ಮತ್ತು ಸಮಯದೊಂದಿಗೆ ಬರೆದಿಟ್ಟರೆ ವೈದ್ಯರಿಗೆ ನೆರವಾಗುತ್ತದೆ.

ಅಡಗಿದ ಅರಿವು

ಮೇಲಿನ ಮಾಪಕಗಳೆಲ್ಲ ದೇಹದ ಚಲನೆಯನ್ನು ಅವಲಂಬಿಸಿವೆ. ಅರಿವು ಇದ್ದೂ ಚಲಿಸಲಾಗದವರ ವಿಷಯದಲ್ಲಿ ಅವು ಮೌನವಾಗುತ್ತವೆ. 2006ರಲ್ಲಿ ಏಡ್ರಿಯನ್ ಓವೆನ್ ಮತ್ತು ಸಹೋದ್ಯೋಗಿಗಳು ಸಸ್ಯಸದೃಶ ಸ್ಥಿತಿಯಲ್ಲಿದ್ದಾರೆಂದು ಗುರುತಿಸಲಾಗಿದ್ದ 23 ವರ್ಷದ ಮಹಿಳೆಯೊಬ್ಬರನ್ನು ಎಂ.ಆರ್.ಐ. ಯಂತ್ರದಲ್ಲಿ ಪರೀಕ್ಷಿಸಿದರು. ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊಳ್ಳಿ ಎಂದಾಗ ಅವರ ಮಿದುಳಿನಲ್ಲಿ ಚಲನೆಯನ್ನು ಯೋಜಿಸುವ ಭಾಗವೂ, ನಿಮ್ಮ ಮನೆಯ ಕೋಣೆಗಳಲ್ಲಿ ನಡೆದಾಡುತ್ತಿರುವಂತೆ ಕಲ್ಪಿಸಿಕೊಳ್ಳಿ ಎಂದಾಗ ಸ್ಥಳವನ್ನು ಗುರುತಿಸುವ ಭಾಗವೂ, ಆರೋಗ್ಯವಂತರಲ್ಲಿ ಕಂಡಂತೆಯೇ ಸಕ್ರಿಯವಾದವು.

ಈ ಸ್ಥಿತಿಯನ್ನು ಈಗ ‘ಅರಿವು–ಚಲನೆಗಳ ವಿಯೋಗ’ ಎಂಬ ಅರ್ಥದ ಹೆಸರಿನಿಂದ ಗುರುತಿಸಲಾಗುತ್ತದೆ. 2024ರಲ್ಲಿ ಪ್ರಕಟವಾದ ಬಹುರಾಷ್ಟ್ರೀಯ ಅಧ್ಯಯನದಲ್ಲಿ, ಆಜ್ಞೆಗೆ ಹೊರನೋಟಕ್ಕೆ ಸ್ಪಂದಿಸದ 241 ಮಂದಿಯಲ್ಲಿ 60 ಮಂದಿ, ಅಂದರೆ ನಾಲ್ವರಲ್ಲಿ ಒಬ್ಬರು, ಎಂ.ಆರ್.ಐ. ಅಥವಾ ಇ.ಇ.ಜಿ. ಪರೀಕ್ಷೆಯಲ್ಲಿ ಆಜ್ಞೆಯನ್ನು ಪಾಲಿಸುತ್ತಿರುವುದು ಕಂಡಿತು. ಈ ಪರೀಕ್ಷೆಗಳು ವಿಶೇಷ ಸಂಶೋಧನಾ ಕೇಂದ್ರಗಳಿಗೆ ಸೀಮಿತವಾಗಿವೆ. ಇವುಗಳಲ್ಲಿ ಸ್ಪಂದನೆ ಕಾಣದಿದ್ದರೆ ಅರಿವಿಲ್ಲವೆಂದು ತೀರ್ಮಾನಿಸುವಂತೆಯೂ ಇಲ್ಲ.

ಚೇತರಿಕೆಯ ಸಾಧ್ಯತೆ

ಕಾರಣ ಮತ್ತು ಕಳೆದ ಕಾಲ, ಇವೆರಡೂ ಮುಖ್ಯ. 1994ರಲ್ಲಿ ಅಮೆರಿಕದ ವೈದ್ಯ ಸಂಘಗಳ ಜಂಟಿ ಕಾರ್ಯಪಡೆ ನೀಡಿದ ವರದಿಯ ಪ್ರಕಾರ, ತಲೆಗೆ ಪೆಟ್ಟಾಗಿ ಒಂದು ತಿಂಗಳ ಬಳಿಕವೂ ಸಸ್ಯಸದೃಶ ಸ್ಥಿತಿಯಲ್ಲಿದ್ದ ವಯಸ್ಕರಲ್ಲಿ ಶೇ. 52ರಷ್ಟು ಮಂದಿ ಒಂದು ವರ್ಷದೊಳಗೆ ಪ್ರಜ್ಞೆ ಪಡೆದರು. ಆಘಾತೇತರ ಕಾರಣಗಳಲ್ಲಿ ಈ ಪ್ರಮಾಣ ಶೇ. 15 ಮಾತ್ರ. ಪೆಟ್ಟಿನಿಂದಾದ ಸ್ಥಿತಿ ಹನ್ನೆರಡು ತಿಂಗಳು, ಇತರ ಕಾರಣಗಳಿಂದಾದದ್ದು ಮೂರು ತಿಂಗಳು ಮೀರಿದರೆ ಅದನ್ನು ‘ಶಾಶ್ವತ’ ಎನ್ನಬಹುದೆಂದು ಆ ಕಾರ್ಯಪಡೆ ಹೇಳಿತ್ತು. ಅವಧಿ ಮೀರಿದ ಬಳಿಕವೂ ಕೆಲವರು ಚೇತರಿಸಿಕೊಂಡದ್ದರಿಂದ 2018ರ ಅಮೆರಿಕದ ಮಾರ್ಗಸೂಚಿ ‘ಶಾಶ್ವತ’ದ ಬದಲು ‘ದೀರ್ಘಕಾಲಿಕ’ ಎಂಬ ಪದವನ್ನು ಸೂಚಿಸಿತು.

ಕನಿಷ್ಠ ಪ್ರಜ್ಞಾ ಸ್ಥಿತಿಯಲ್ಲಿರುವವರ ಭವಿಷ್ಯ ತುಲನಾತ್ಮಕವಾಗಿ ಉತ್ತಮ. ಅಮೆರಿಕದ ಟೆರ್ರಿ ವಾಲಿಸ್ ಎಂಬವರು 1984ರ ವಾಹನ ಅಪಘಾತದ 19 ವರ್ಷಗಳ ಬಳಿಕ, 2003ರಲ್ಲಿ ಮಾತನಾಡತೊಡಗಿದರು. ಅವರು ಇದ್ದದ್ದು ಕನಿಷ್ಠ ಪ್ರಜ್ಞಾ ಸ್ಥಿತಿಯಲ್ಲಿ. ಇಂತಹ ಚೇತರಿಕೆ ಬಹಳ ವಿರಳ.

ಚಿಕಿತ್ಸೆ ಮತ್ತು ಆರೈಕೆ

ಪ್ರಜ್ಞೆಯನ್ನು ಮರಳಿಸುವ ಖಚಿತ ಚಿಕಿತ್ಸೆ ಇಲ್ಲ. 184 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಲೆಗೆ ಪೆಟ್ಟಾದವರಿಗೆ ನಾಲ್ಕು ವಾರ ನೀಡಿದ ಅಮಾಂಟಡಿನ್ ಎಂಬ ಔಷಧವು ಆ ಅವಧಿಯಲ್ಲಿ ಚೇತರಿಕೆಯ ವೇಗವನ್ನು ಹೆಚ್ಚಿಸಿದ್ದು ಕಂಡುಬಂದಿತು. ಔಷಧ ನಿಲ್ಲಿಸಿದ ಬಳಿಕ ಆ ವೇಗ ತಗ್ಗಿತು.

ಉಳಿದದ್ದು ಆರೈಕೆ. ನಳಿಕೆಯ ಮೂಲಕ ಅಥವಾ ಬಾಯಿಯ ಮೂಲಕ ಜಾಗರೂಕತೆಯಿಂದ ಆಹಾರ ಕೊಡುವುದು, ಒತ್ತಡದ ಹುಣ್ಣುಗಳಾಗದಂತೆ ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಕೀಲುಗಳು ಸೆಟೆದುಕೊಳ್ಳದಂತೆ ವ್ಯಾಯಾಮ ಮಾಡಿಸುವುದು, ಬಾಯಿಯ ಮತ್ತು ಚರ್ಮದ ಶುಚಿತ್ವ, ನ್ಯುಮೋನಿಯಾ ಹಾಗೂ ಮೂತ್ರದ ಸೋಂಕಿನ ತಡೆ ಇದರಲ್ಲಿ ಸೇರುತ್ತವೆ. ಕರ್ನಾಟಕದಲ್ಲಿ ನರರೋಗಗಳ ಪ್ರಮುಖ ಸಂಸ್ಥೆ ಬೆಂಗಳೂರಿನ ನಿಮ್ಹಾನ್ಸ್. ಕುಮಟಾ, ಹೊನ್ನಾವರ, ಭಟ್ಕಳ ಕಡೆಯ ಗಾಯಾಳುಗಳನ್ನು ಸಾಮಾನ್ಯವಾಗಿ ಮಣಿಪಾಲ, ಮಂಗಳೂರು ಅಥವಾ ಹುಬ್ಬಳ್ಳಿಗೆ ಒಯ್ಯಲಾಗುತ್ತದೆ. ಆಸ್ಪತ್ರೆಯಿಂದ ಬಿಡುಗಡೆಯಾದ ಬಳಿಕ ವರ್ಷಗಳ ಆರೈಕೆಯ ಹೊಣೆ ಬಹುಮಟ್ಟಿಗೆ ಮನೆಯವರ ಮೇಲೆ, ಅದರಲ್ಲೂ ಮನೆಯ ಹೆಂಗಸರ ಮೇಲೆ ಬೀಳುತ್ತದೆ.

ಅರುಣಾ ಶಾನಭಾಗ ಪ್ರಕರಣ

ಹಳದೀಪುರ ಮೂಲದ ಅರುಣಾ ರಾಮಚಂದ್ರ ಶಾನಭಾಗ (1948–2015) ಮುಂಬಯಿಯ ಪರೇಲ್‌ನಲ್ಲಿರುವ ಕಿಂಗ್ ಎಡ್ವರ್ಡ್ ಸ್ಮಾರಕ ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬ ನಾಯಿಯ ಸರಪಳಿಯಿಂದ ಅವರ ಕುತ್ತಿಗೆ ಬಿಗಿದು ಲೈಂಗಿಕ ಹಲ್ಲೆ ನಡೆಸಿದ. ಮಿದುಳಿಗೆ ಆಮ್ಲಜನಕ ನಿಂತು ತೀವ್ರ ಹಾನಿಯಾಯಿತು. ಮುಂದಿನ ನಾಲ್ಕು ದಶಕಗಳ ಕಾಲ ಅದೇ ಆಸ್ಪತ್ರೆಯ ದಾದಿಯರು ತಲೆಮಾರಿನಿಂದ ತಲೆಮಾರಿಗೆ ಅವರ ಆರೈಕೆ ಮಾಡಿದರು.

ಅರುಣಾ ಅವರ ಕುರಿತು ಪುಸ್ತಕ ಬರೆದಿದ್ದ ಪತ್ರಕರ್ತೆ ಪಿಂಕಿ ವಿರಾನಿ, ಆಹಾರ ನೀಡುವುದನ್ನು ನಿಲ್ಲಿಸಿ ಶಾಂತವಾಗಿ ಸಾಯಲು ಬಿಡಬೇಕೆಂದು ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದರು. ಅರ್ಜಿಯ ಪ್ರಕಾರ ಅರುಣಾ ಬಹುತೇಕ ಮೃತಪಟ್ಟಂತೆಯೇ ಇದ್ದರು. ಆಸ್ಪತ್ರೆಯವರ ಪ್ರಕಾರ ಅವರು ಕೊಟ್ಟ ಆಹಾರವನ್ನು ಸ್ವೀಕರಿಸುತ್ತಿದ್ದರು, ಮುಖಭಾವದಿಂದಲೂ ಸದ್ದಿನಿಂದಲೂ ಸ್ಪಂದಿಸುತ್ತಿದ್ದರು. ಒಬ್ಬರೇ ವ್ಯಕ್ತಿಯ ಬಗ್ಗೆ ಹೀಗೆ ಪರಸ್ಪರ ವಿರುದ್ಧವಾದ ಹೇಳಿಕೆಗಳು ಬಂದುದರಿಂದ ನ್ಯಾಯಾಲಯವು 2011ರ ಜನವರಿ 24ರಂದು ಜೆ. ವಿ. ದಿವಾಟಿಯಾ, ರೂಪ್ ಗುರ್ಸಹಾನಿ ಮತ್ತು ನೀಲೇಶ್ ಶಾ ಎಂಬ ಮೂವರು ವೈದ್ಯರನ್ನು ಪರೀಕ್ಷೆಗೆ ನೇಮಿಸಿತು.

ಅರುಣಾ ಅವರ ಮಿದುಳು ಸತ್ತಿಲ್ಲ, ಅವರು ಕೋಮಾದಲ್ಲಿಯೂ ಇಲ್ಲ, ಶಾಶ್ವತ ಸಸ್ಯಸದೃಶ ಸ್ಥಿತಿಯ ಬಹುತೇಕ ಮಾನದಂಡಗಳು ಅವರಿಗೆ ಅನ್ವಯಿಸುತ್ತವೆ ಎಂಬುದು ವೈದ್ಯರ ವರದಿಯ ಸಾರ. ‘ಎಲ್ಲ’ ಮಾನದಂಡಗಳು ಎನ್ನದೆ ‘ಬಹುತೇಕ’ ಎಂದಿರುವುದು ಗಮನಾರ್ಹ. 37 ವರ್ಷಗಳ ಬಳಿಕವೂ ವರ್ಗೀಕರಣದ ಗೆರೆ ಎಷ್ಟು ಸೂಕ್ಷ್ಮವಾಗಿರಬಲ್ಲದು ಎಂಬುದನ್ನು ಅದು ತೋರಿಸುತ್ತದೆ.

2011ರ ಮಾರ್ಚ್ 7ರಂದು ನ್ಯಾಯಮೂರ್ತಿಗಳಾದ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನಸುಧಾ ಮಿಶ್ರಾ ಅರ್ಜಿಯನ್ನು ವಜಾ ಮಾಡಿದರು. ಯಂತ್ರದ ನೆರವಿಲ್ಲದೆ ಉಸಿರಾಡುತ್ತಿರುವ ಅರುಣಾ ಮೃತರಲ್ಲವೆಂದೂ, ಅವರ ಪರವಾಗಿ ನಿರ್ಧರಿಸುವ ಹಕ್ಕು ಆರೈಕೆ ಮಾಡಿದ ಆಸ್ಪತ್ರೆಯ ಸಿಬ್ಬಂದಿಯದೆಂದೂ ಹೇಳಿದರು. ಅದೇ ತೀರ್ಪು, ಹೈಕೋರ್ಟಿನ ಅನುಮತಿಯೊಂದಿಗೆ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯುವ ಪರೋಕ್ಷ ದಯಾಮರಣಕ್ಕೆ ಭಾರತದಲ್ಲಿ ಮೊದಲ ಬಾರಿಗೆ ಅವಕಾಶ ನೀಡಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ನಿಧನರಾದರು.

ನಂತರದ ಕಾನೂನು

2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಘನತೆಯಿಂದ ಸಾಯುವ ಹಕ್ಕನ್ನು ಸಂವಿಧಾನದ 21ನೆಯ ವಿಧಿಯ ಭಾಗವೆಂದು ಒಪ್ಪಿತು. ತನಗೆ ಪ್ರಜ್ಞೆ ಇಲ್ಲದಾದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ವಯಸ್ಕರು ಮುಂಚಿತವಾಗಿಯೇ ಬರೆದಿಡುವ ಇಚ್ಛಾಪತ್ರಕ್ಕೂ ಮಾನ್ಯತೆ ನೀಡಿತು. 2023ರ ಜನವರಿ 24ರಂದು ಅದರ ವಿಧಾನವನ್ನು ಸರಳಗೊಳಿಸಲಾಯಿತು. ಅದರಂತೆ ಇಬ್ಬರು ಸಾಕ್ಷಿಗಳ ಎದುರು ಸಹಿಮಾಡಿದ ಪತ್ರವನ್ನು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ದೃಢೀಕರಿಸಬಹುದು. ಚಿಕಿತ್ಸೆ ಹಿಂತೆಗೆಯುವ ನಿರ್ಧಾರವನ್ನು ತಲಾ ಮೂವರು ವೈದ್ಯರ ಎರಡು ಮಂಡಳಿಗಳು ಒಂದರ ನಂತರ ಒಂದು ಪರಿಶೀಲಿಸಬೇಕು.

ಈ ತೀರ್ಪನ್ನು ರಾಜ್ಯದಲ್ಲಿ ಜಾರಿಗೆ ತರಲು ಕರ್ನಾಟಕ ಸರ್ಕಾರದ ಆರೋಗ್ಯ ಇಲಾಖೆ 2025ರ ಜನವರಿ ಕೊನೆಯಲ್ಲಿ ಸುತ್ತೋಲೆ ಹೊರಡಿಸಿತು. ರೋಗಿ ಯಾವ ಸ್ಥಿತಿಯಲ್ಲಿದ್ದಾರೆ, ಚೇತರಿಕೆಯ ಸಾಧ್ಯತೆ ಎಷ್ಟು ಎಂಬುದನ್ನು ವೈದ್ಯರು ಮೊದಲು ನಿರ್ಣಯಿಸಿದ ಮೇಲಷ್ಟೇ ಈ ಕಾನೂನಿನ ಯಾವುದೇ ಹಂತ ಆರಂಭವಾಗುತ್ತದೆ.